ಮಾರ್ಮನ್ ಗೆಳೆಯ, ಒಂದು ಕಾರ್ಟೂನು ಮತ್ತು ನನ್ನ ಜನಿವಾರ

ನಮ್ಮ ಟೀಮಿನಲ್ಲಿ ಒಬ್ಬ ಮಾರ್ಮನ್ ಇದ್ದಾನೆ, ಯೂಟಾದವನು. ನಾನು ಡಲ್ಲಾಸಿಗೆ ಬಂದ ಹೊಸತರಲ್ಲಿ ಊರಿಂದ ತಂದ ಪುಡಿಯಲ್ಲಿ ಫಿಲ್ಟರ್ ಕಾಫಿ ಮಾಡಿ ಫ್ಲಾಸ್ಕಲ್ಲಿ ಒಯ್ದು ಕೊಟ್ಟರೆ, "ನಾವು ಕಾಫಿ, ಟೀ ಎರಡೂ ಕುಡಿಯಲ್ಲ" ಅಂದ. ಕಾಫಿ ಕುಡಿಯದವರ ಮೇಲೆ ನನಗೆ ಸ್ವಲ್ಪ ಅನುಮಾನ. ಅದನ್ನ ಬಿಡಿ.

ಅದೇ ಟೀಮಿನ ಇನ್ನೊಬ್ಬ ಇವಾಂಜೆಲಿಕಲ್ ಚರ್ಚಿಗೆ ಹೋಗುವವನು. ಒಳ್ಳೆಯವನೇ, ನನಗೆ ಡ್ರೈವಿಂಗ್ ಕಲಿಸಿದವನು. ಒಂದು ಭಾನುವಾರ "ಅವರು ಕ್ರಿಶ್ಚಿಯನ್ನರೇ ಅಲ್ಲ, ಗೊತ್ತಾ?" ಅಂತ ಶುರುಮಾಡಿ 'ದಿ ಗಾಡ್ ಮೇಕರ್ಸ್' ಅನ್ನೋ 1982ರ ಸಿನಿಮಾ ತೋರಿಸಿದ. ಅದರಲ್ಲಿ ಮಾರ್ಮನ್ನರ ನಂಬಿಕೆಗಳನ್ನು ಕಾರ್ಟೂನ್ ಮಾಡಿದ್ದಾರೆ. ಅವರು ತೊಡುವ ಪವಿತ್ರ ಒಳ ಉಡುಪಿನ ಬಗ್ಗೆ ಇವನೇ ಒಂದೆರಡು ಜೋಕು ಸೇರಿಸಿದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಮಾರನೇ ದಿನ ಊಟದ ಟೇಬಲ್ಲಲ್ಲಿ, ನಾಲ್ಕು ಜನರೆದುರು, ಆ ಜೋಕನ್ನೇ ನಾನು ಮಾರ್ಮನ್ ಗೆಳೆಯನಿಗೆ ಹೇಳಿದೆ. ಅವನ ಮುಖ ಕೆಂಪಾಯಿತು. "ನಿನ್ನ ಅಂಗಿಯೊಳಗೂ ಒಂದು ದಾರ ಇದೆಯಲ್ಲ, ಅದರ ಬಗ್ಗೆ ನಾನು ಯಾವತ್ತಾದರೂ ಏನಾದರೂ ಅಂದಿದ್ದೀನಾ?" ಅಂದ, ಅಷ್ಟೇ. ಚಪಾತಿ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಓದಲು ಕೂತೆ. ಇವಾಂಜೆಲಿಕಲ್ ಟೀಕೆಯೆಲ್ಲ ಸುಳ್ಳಲ್ಲ. ಈ ಪಂಥ ಕಟ್ಟಿದ್ದು 1830ರಲ್ಲಿ, ಜೋಸೆಫ್ ಸ್ಮಿತ್. ಅವನು ಈಜಿಪ್ಟಿನ ಪಪೈರಸ್ ಸುರುಳಿಗಳಿಂದ ಅನುವಾದಿಸಿದೆ ಅಂತ 'ಅಬ್ರಹಾಮನ ಪುಸ್ತಕ' ಕೊಟ್ಟ. ಆ ಸುರುಳಿಯ ತುಂಡುಗಳು ನ್ಯೂಯಾರ್ಕಿನ ಮ್ಯೂಸಿಯಮ್ಮಿನಿಂದ 1967ರಲ್ಲಿ ಹೊರಬಂದವು. ಓದಿ ನೋಡಿದರೆ ಸತ್ತವರ ಜೊತೆ ಇಡುವ ಮಾಮೂಲಿ ಬರಹ! ಉಳಿದಿರುವ ತುಂಡುಗಳಿಗೂ ಪುಸ್ತಕಕ್ಕೂ ಹೊಂದುವುದಿಲ್ಲ ಅಂತ 2014ರಲ್ಲಿ ಅವರ ಚರ್ಚೇ ಬರೆಯಿತು. ಕರಿಯ ಗಂಡಸರಿಗೆ ಪೌರೋಹಿತ್ಯ ಸಿಕ್ಕಿದ್ದು 1978ರಲ್ಲಿ. ಇದನ್ನೆಲ್ಲ ಕೇಳಲೇಬೇಕು, ಕೇಳಿದರೆ ತಪ್ಪಿಲ್ಲ. ತ್ರಿಏಕ ದೇವರನ್ನು ಅವರು ನಮ್ಮ ಹಾಗೆ ಒಪ್ಪುವುದಿಲ್ಲ ಅಂತ ಇವಾಂಜೆಲಿಕಲ್ಲರು ಹೇಳಿದರೆ ಅದೂ ನಿಜವೇ.

ನನ್ನ ತಕರಾರು ಅಳತೆಗೋಲಿನದ್ದು. ಪ್ರಾಚೀನ ಅಮೆರಿಕದಲ್ಲಿ ಕುದುರೆ ಎಲ್ಲಿತ್ತು ಅಂತ ಮಾರ್ಮನ್ ಗ್ರಂಥವನ್ನು ಜಾಡಿಸುವ ನನ್ನ ಗೆಳೆಯ, ನೋವನ ಹಡಗಿನ ಮಾತು ಬಂದರೆ "ಅದು ನಂಬಿಕೆ" ಅಂತಾನೆ! ಇನ್ನೊಂದು, 1838ರಲ್ಲಿ ಮಿಸೌರಿಯ ಗವರ್ನರು ಮಾರ್ಮನ್ನರನ್ನು ನಿರ್ನಾಮ ಮಾಡಿ, ಇಲ್ಲ ರಾಜ್ಯದಿಂದಾಚೆ ಓಡಿಸಿ ಅಂತ ಆದೇಶ ಹೊರಡಿಸಿದ್ದ. ಅದನ್ನು ಅಧಿಕೃತವಾಗಿ ಹಿಂದಕ್ಕೆ ತೆಗೆದುಕೊಂಡಿದ್ದು 1976ರಲ್ಲಿ. ಅಂಥವರ ಬಗ್ಗೆ ಕಾರ್ಟೂನ್ ಮಾಡುವ ಮೊದಲು ಇದನ್ನೂ ನೆನೆಯಬೇಡವೇ?

ಓದುತ್ತಾ ಹೋದಾಗ ನನಗೆ ಹಿಡಿಸಿದವರು ಜೆರಾಲ್ಡ್ ಮತ್ತು ಸಾಂಡ್ರಾ ಟ್ಯಾನರ್ ದಂಪತಿ. ಸಾಂಡ್ರಾ, ಮಾರ್ಮನ್ನರನ್ನು ಯೂಟಾಕ್ಕೆ ಕರೆತಂದ ಬ್ರಿಗಮ್ ಯಂಗ್‌ನ ವಂಶದವರು. ಇಬ್ಬರೂ ಪಂಥ ಬಿಟ್ಟು ಇವಾಂಜೆಲಿಕಲ್ ಆಗಿ, ಜೀವನವಿಡೀ ಮಾರ್ಮನ್ ಚರ್ಚಿನ ವಿರುದ್ಧ ಬರೆದವರು. 1984ರ ಹೊತ್ತಿಗೆ ಒಂದು ಹಳೇ ಪತ್ರದ ಸುದ್ದಿ ಹಬ್ಬಿತು. ಜೋಸೆಫ್ ಸ್ಮಿತ್‌ಗೆ ಚಿನ್ನದ ಹಾಳೆಗಳನ್ನು ಕೊಟ್ಟದ್ದು ದೇವದೂತನಲ್ಲ, ಅಲ್ಲಿದ್ದದ್ದು ಬಿಳಿ ಸಾಲಮ್ಯಾಂಡರ್ (ನಮ್ಮ ಹಲ್ಲಿಯಂತೆ ಕಾಣುವ ಪ್ರಾಣಿ) ಅಂತ. ಮಾರ್ಮನ್ ವಿರೋಧಿಗಳಿಗೆ ಹೋಳಿಗೆ ಊಟ. ಆದರೆ ಜೆರಾಲ್ಡ್ ಟ್ಯಾನರ್ "ಈ ಪತ್ರದ ಮೇಲೆ ನನಗೆ ಅನುಮಾನ" ಅಂತ ತನ್ನ ಪತ್ರಿಕೆಯಲ್ಲೇ ಬರೆದ! ಕೊನೆಗೆ ಅದು ಮಾರ್ಕ್ ಹಾಫ್‌ಮನ್ ಅನ್ನುವವನ ಖೋಟಾ ಅಂತಾಯಿತು. ಬಣ್ಣ ಬಯಲಾಗುವ ಭಯಕ್ಕೆ ಅವನು 1985ರಲ್ಲಿ ಬಾಂಬಿಟ್ಟು ಇಬ್ಬರನ್ನು ಕೊಂದ. ಅವನಿಂದ ದಾಖಲೆ ಕೊಂಡವರಲ್ಲಿ ಮಾರ್ಮನ್ ಚರ್ಚೂ ಇತ್ತು, ಮೋಸ ಹೋಗಿತ್ತು.

ಈ ಕಥೆಯನ್ನು ಡ್ರೈವಿಂಗ್ ಗುರುವಿಗೆ ಹೇಳಿದೆ. ಅವನು ಟ್ಯಾನರ್ ಹೆಸರೇ ಕೇಳಿರಲಿಲ್ಲ.

ಮಾರ್ಮನ್ ಗೆಳೆಯನ ಹತ್ತಿರ ಕ್ಷಮೆ ಕೇಳಿದೆ. "ಪರವಾಗಿಲ್ಲ" ಅಂದ, ನಕ್ಕ ಕೂಡ. ಆದರೆ ಈಗ ಊಟಕ್ಕೆ ಬೇರೆ ಟೇಬಲ್ಲಿಗೆ ಹೋಗುತ್ತಾನೆ. ಅಬ್ರಹಾಮನ ಪುಸ್ತಕದ ಬಗ್ಗೆ ಅವನೇನು ಹೇಳುತ್ತಾನೆ ಅಂತ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಇನ್ನೂ ಕೇಳಿಲ್ಲ.