ಹಾಥಮ್ ಬೆಟ್ಟದ ಬಂಡೆಗಳ ನಡುವೆ

ಆಸ್ಟ್ರೇಲಿಯಾದ ಡ್ಯಾಂಡಿನಾಂಗಿನಲ್ಲಿರುವ ತಂಗಿಯ ಮನೆಯಿಂದ ನಸುಕಿನಲ್ಲೇ ಹೊರಟು ಹ್ಯೂಮ್ ಹೆದ್ದಾರಿ ಹಿಡಿದೆವು. ಬ್ರೈಟ್ ದಾಟಿ ಹ್ಯಾರಿಯೆಟ್‌ವಿಲ್‌ನಿಂದ ಘಾಟಿ ಶುರು. ಜನವರಿಯೆಂದರೆ ಅಲ್ಲಿ ಕಡುಬೇಸಿಗೆ. ಆದರೂ ಮೌಂಟ್ ಹಾಥಮ್ ತಲುಪುವಷ್ಟರಲ್ಲಿ ಎಲ್ಲರೂ ಸ್ವೆಟರ್ ಹುಡುಕುತ್ತಿದ್ದೆವು. 1861 ಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿಗಿಂತ ಕೊಂಚ ಕಡಿಮೆಯೇ. ಚಳಿಗಾಲದಲ್ಲಿ ಇಲ್ಲಿ ತಿಂಗಳುಗಟ್ಟಲೆ ಹಿಮ!

ಇಳಿಜಾರಿನಲ್ಲಿ ಬಂಡೆಯ ಮೇಲೆ ಬಂಡೆ, ಕಪ್ಪು ಬಸಾಲ್ಟ್. ಒಂದು ಸಂದಿಗೆ ಕೈ ಇಳಿಸಿದೆ. ಮೇಲೆ ಬಿಸಿಲಿಗೆ ಕಲ್ಲು ಕಾದಿತ್ತು. ಮೊಣಕೈ ಆಳದಲ್ಲಿ ತಣ್ಣನೆಯ ಗಾಳಿ ಬೆರಳನ್ನು ಸವರಿತು. ಮೈ ಜುಮ್ಮೆಂದಿತು.

ಈ ರಾಶಿ ಹಿಮಯುಗದ ಕೆಲಸ. ಸುಮಾರು 20,000 ವರ್ಷಗಳ ಹಿಂದೆ ಇಲ್ಲಿನ ಚಳಿ ಈಗಿನದಕ್ಕಿಂತ ಎಷ್ಟೋ ಪಾಲು ತೀವ್ರವಾಗಿತ್ತು. ಬಿರುಕಿಗಿಳಿದ ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿ, ಕರಗಿ, ಮತ್ತೆ ಹಿಗ್ಗಿ ಬೆಟ್ಟವನ್ನೇ ಸೀಳಿತು. ಆ ಕಾಲ ಮುಗಿದರೂ ಸೈಬೀರಿಯಾ, ಅಲಾಸ್ಕಾಗಳಲ್ಲಿ ನೆಲ ಇಂದಿಗೂ ವರ್ಷಾನುವರ್ಷ ಕರಗದೆ ಹೆಪ್ಪುಗಟ್ಟಿಯೇ ಇರುತ್ತದೆ, ಅದೇ ಪರ್ಮಾಫ್ರಾಸ್ಟ್. ಯುರೋಪಿನ ಆಲ್ಪ್ಸ್‌ನಲ್ಲಿ ಇಂಥದೇ ಕಲ್ಲುರಾಶಿಗಳು ತಣ್ಣನೆಯ ಗಾಳಿಯನ್ನು ಒಳಗೆ ಹಿಡಿದಿಟ್ಟುಕೊಳ್ಳುವುದರಿಂದ, ಬೇರೆಡೆ ಕರಗಿಹೋಗುವ ಎತ್ತರದಲ್ಲೂ ಪರ್ಮಾಫ್ರಾಸ್ಟ್ ಉಳಿದುಕೊಂಡಿದೆ. ಬೆಟ್ಟದ ಮೈಕಟ್ಟೇ ನೆಲದ ಹವಾಮಾನವನ್ನು ತೀರ್ಮಾನಿಸುತ್ತದೆ! ಹಾಥಮ್‌ನಲ್ಲಿ ಪರ್ಮಾಫ್ರಾಸ್ಟ್ ಇಲ್ಲ, ಆದರೆ ಈ ಸಂದಿಗಳಲ್ಲಿ ಜೀವವಿದೆ.

ಅದು ಪರ್ವತವಾಸಿ ಪಿಗ್ಮಿ ಪಾಸಮ್ ಎಂಬ ಹೊಟ್ಟೆಚೀಲದ ಪ್ರಾಣಿ. ಅಂಗೈಯಲ್ಲಿ ಕೂರುವ ಗಾತ್ರ, ಸುಮಾರು 45 ಗ್ರಾಂ ತೂಕ. 1895ರಲ್ಲಿ ಸಿಕ್ಕಿದ್ದು ಪಳೆಯುಳಿಕೆ ಮಾತ್ರ. ಇದರ ಕುಲವೇ ಅಳಿದಿದೆ ಎಂದುಕೊಂಡಿದ್ದರು. 1966ರಲ್ಲಿ ಇದೇ ಹಾಥಮ್‌ನ ಸ್ಕೀ ವಸತಿಯೊಂದರಲ್ಲಿ ಜೀವಂತವಾಗಿ ಸಿಕ್ಕಿತು. ಚಳಿಗಾಲದಲ್ಲಿ ಅದು ಬಂಡೆಗಳಡಿ ದೀರ್ಘನಿದ್ರೆಗೆ ಜಾರುತ್ತದೆ. ಮೇಲಿನ ಹಿಮವೇ ಕಂಬಳಿ: ಹೊರಗೆ ಎಷ್ಟೇ ಕೊರೆದರೂ ಒಳಗಿನ ಚಳಿ ಹೆಚ್ಚು ಏರಿಳಿಯುವುದಿಲ್ಲ. ಭೂಮಿ ಬಿಸಿಯಾಗಿ ಹಿಮ ತೆಳುವಾದಂತೆ ಈ ಪುಟ್ಟ ಜೀವಕ್ಕೆ ಚಳಿ ಹೆಚ್ಚು ತಾಗುತ್ತದೆ! ಉತ್ತರದ ಧ್ರುವನಾಡಿನಲ್ಲಿ ಇದೇ ಹಿಮ ತಿರುವುಮುರುವಾಗಿ ಕೆಲಸ ಮಾಡುತ್ತದೆ. ಅಲ್ಲಿ ದಪ್ಪನೆಯ ಹೊದಿಕೆಯಡಿ ನೆಲದ ಶಾಖ ಹೊರಹೋಗದೆ, ಪರ್ಮಾಫ್ರಾಸ್ಟ್ ದುರ್ಬಲವಾಗುತ್ತದೆ. ಇದನ್ನು ಯೋಚಿಸಿದಷ್ಟೂ ನನಗೆ ಬೆರಗು, ಜೊತೆಗೆ ಸಂಕಟ.

ವಸಂತದಲ್ಲಿ ಪಾಸಮ್‌ನ ಹೊಟ್ಟೆ ತುಂಬಿಸುವುದು ನೂರಾರು ಕಿಲೋಮೀಟರ್ ಹಾರಿ ಬರುವ ಬೊಗಾಂಗ್ ಪತಂಗ. 2017ರ ನಂತರದ ಬರಗಾಲದಲ್ಲಿ ಈ ಪತಂಗಗಳ ಸಂಖ್ಯೆ ಕುಸಿದುಬಿತ್ತು.

ಹೆಣ್ಣು ಪಾಸಮ್‌ಗಳ ವಾಸ ಎತ್ತರದ ಬಂಡೆಗಳಲ್ಲಿ, ಗಂಡುಗಳದ್ದು ಕೆಳಗೆ. ನಡುವೆ ರಸ್ತೆ ಹಾದು ದಾರಿ ಕಡಿದಿತ್ತು. 1980ರ ದಶಕದಲ್ಲಿ ರಸ್ತೆಯಡಿ ಕಲ್ಲು ತುಂಬಿದ ಸುರಂಗ ಕಟ್ಟಿಕೊಟ್ಟರು. ಗಂಡುಗಳು ಅದನ್ನು ಬಳಸತೊಡಗಿದವು.