ಹೊರಗೆ ಕೂತವರ ಕೆಲಸ

ಎಂಬತ್ತರ ದಶಕದ ಹವ್ಯಾಸಿ ತಂಡಗಳಲ್ಲಿ ನಾಟಕ ಕಲಿಯುವ ಕ್ರಮ ಒಂದೇ ಇತ್ತು. ಮೊದಲು ಓದು, ಆಮೇಲೆ ಪಾತ್ರ ಹಂಚಿಕೆ, ಆಮೇಲೆ ಮಾತು ಬಾಯಿಪಾಠ. ಕೈಯಿಂದ ಪುಸ್ತಕ ಬಿಟ್ಟ ಮೇಲೆ ನಿರ್ದೇಶಕರು ಚಲನೆ ಕೂರಿಸುತ್ತಿದ್ದರು. ಯಾರು ಎಲ್ಲಿಂದ ಬರಬೇಕು, ಯಾವ ಮಾತಿಗೆ ತಿರುಗಬೇಕು ಎಂಬುದೆಲ್ಲ ಅವರ ಪ್ರತಿಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿರುತ್ತಿತ್ತು. ಒಳ್ಳೆಯ ನಾಟಕಗಳನ್ನೇ ಆಡಿದೆವು. ಆದರೆ ನಮ್ಮ ಮೈ ಮಾತಿನ ಹಿಂದೆ ಹಿಂದೆ ನಡೆಯುತ್ತಿತ್ತು. ಮಾತು ಮುಗಿದಲ್ಲಿ ಮೈಗೂ ಕೆಲಸ ಮುಗಿಯುತ್ತಿತ್ತು.

ಬರೆದ ಮಾತಿಲ್ಲದೆ ಆಟ ಕಟ್ಟುವುದು ನಮ್ಮ ನೆಲಕ್ಕೆ ಹೊಸದಲ್ಲ. ಯಕ್ಷಗಾನ ಪ್ರಸಂಗದಲ್ಲಿ ಬರೆದಿಟ್ಟಿರುವುದು ಪದ್ಯ ಮಾತ್ರ. ಅರ್ಥ, ಎಂದರೆ ಮಾತು, ಕಲಾವಿದರ ಬಾಯಲ್ಲಿ ರಂಗದ ಮೇಲೆಯೇ ಹುಟ್ಟಬೇಕು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಆ ಅರ್ಥವನ್ನೂ ತೆಗೆದುಹಾಕಿದರು. ಚೆಂಡೆ ಮದ್ದಳೆಗಳ ಜೊತೆಗೆ ಪಿಟೀಲು, ಸ್ಯಾಕ್ಸೊಫೋನ್ ತಂದು, ಹಾಡು ಕುಣಿತಗಳಲ್ಲೇ ಕಥೆ ನಡೆಸಿದರು. ಮಾತುಗಾರಿಕೆಯೇ ಯಕ್ಷಗಾನದ ಜೀವ ಎಂದು ನಂಬಿದವರಿಗೆ ಇದು ಹಿಡಿಸಲಿಲ್ಲ. ನನಗೆ ಅದು ಇವತ್ತಿಗೂ ಕನ್ನಡ ರಂಗಭೂಮಿಯ ದಿಟ್ಟ ಪ್ರಯೋಗಗಳಲ್ಲಿ ಒಂದು. ಆದರೆ ಅದು ಒಬ್ಬ ದೊಡ್ಡ ಮನುಷ್ಯರ ಕಣ್ಣಿನಲ್ಲಿ ಮೂಡಿದ ಕೆಲಸ. ಹತ್ತು ಜನ ಸೇರಿ, ಯಾರ ತಲೆಯಲ್ಲೂ ಮೊದಲೇ ಇಲ್ಲದ ಒಂದನ್ನು ಕಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿರಲಿಲ್ಲ.

ಆ ಉತ್ತರದ ಬಗ್ಗೆ ನಮಗೆ ಹೇಳಿದವರು ಒಂದು ಬೇಸಿಗೆ ಶಿಬಿರಕ್ಕೆ ಬಂದ ಮೇಷ್ಟ್ರು. ಅವರ ಬಾಯಲ್ಲಿ ಸದಾ ಇದ್ದ ಹೆಸರು ಮಣಿಪುರದ ಹೈಸ್ನಾಂ ಕನ್ಹಯ್ಯಲಾಲ್. 1969ರಲ್ಲಿ ಇಂಫಾಲದಲ್ಲಿ ‘ಕಲಾಕ್ಷೇತ್ರ ಮಣಿಪುರ’ ರಂಗತಂಡ ಕಟ್ಟಿದವರು. 1975ರ ‘ಪೆಬೆಟ್’ಗೆ ಅವರು ಆರಿಸಿಕೊಂಡದ್ದು ಅಜ್ಜಿಯರು ಒಲೆಯ ಮುಂದೆ ಮಕ್ಕಳಿಗೆ ಹೇಳುವ ಕಥೆ. ಮರಿಗಳು ಬಲಿಯುವ ತನಕ ತಾಯಿಹಕ್ಕಿ ಬೆಕ್ಕನ್ನು ಹೊಗಳಿ ಹೊಗಳಿ ಕಾಲ ತಳ್ಳುತ್ತದೆ. ಮಾತು ಬಹಳ ಕಡಿಮೆ. ಕಥೆಯನ್ನು ಸಾಗಿಸುವುದು ಉಸಿರು, ಕೂಗು, ಮೈಯ ಲಯ. ತಾಯಿಹಕ್ಕಿಯಾಗಿ ಕನ್ಹಯ್ಯಲಾಲರ ಪತ್ನಿ ಸಾವಿತ್ರಿಯವರು. ಮುಂದೆ 1978ರಲ್ಲಿ ‘ನುಪಿ ಲಾನ್’ ಮಾಡಿದಾಗ ಇಂಫಾಲದ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವ ಹೆಂಗಸರೇ ರಂಗಕ್ಕೆ ಬಂದರು. ಇದನ್ನೆಲ್ಲ ನೋಡುವ ಅವಕಾಶ ನಮಗಿರಲಿಲ್ಲ. ಕೇಳಿಯೇ ತಲೆ ಬಿಸಿಯಾಯಿತು.

ಮೇಷ್ಟ್ರ ಪಾಠದ ಕ್ರಮ ಮಾತ್ರ ಪ್ಯಾರಿಸ್ಸಿನದು. ಜಾಕ್ ಲಕಾಕ್ 1956ರಲ್ಲಿ ಅಲ್ಲಿ ಶುರು ಮಾಡಿದ ರಂಗಶಾಲೆಯಲ್ಲಿ ಒಂದು ಪದ್ಧತಿ ಇದೆ. ವಿಷಯ ಕೊಟ್ಟು ವಿದ್ಯಾರ್ಥಿಗಳನ್ನು ಗುಂಪು ಗುಂಪಾಗಿ ಬಿಟ್ಟುಬಿಡುತ್ತಾರೆ, ಗುರುಗಳು ಹತ್ತಿರ ಸುಳಿಯುವುದಿಲ್ಲ, ವಾರದ ಕೊನೆಗೆ ಕಟ್ಟಿದ್ದನ್ನು ಎಲ್ಲರೆದುರು ಆಡಿ ತೋರಿಸಬೇಕು. ನಮಗೆ ಸಿಕ್ಕ ವಿಷಯ ‘ಸರದಿ’. ನಾವು ಸೀಮೆಎಣ್ಣೆಯ ಸಾಲನ್ನು ಹಿಡಿದುಕೊಂಡೆವು. ಆಗ ನ್ಯಾಯಬೆಲೆ ಅಂಗಡಿ ಬಾಗಿಲು ತೆರೆಯುವ ಮುಂಚೆಯೇ ಜನ ತಮ್ಮ ಡಬ್ಬಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗುತ್ತಿದ್ದರು. ಡಬ್ಬ ಇಲ್ಲದವರು ಕಲ್ಲು ಇಡುತ್ತಿದ್ದರು. ಡಬ್ಬವೇ ಮನುಷ್ಯ, ಅದನ್ನು ಯಾರಾದರೂ ಸರಿಸಿದರೆ ಜಗಳ.

ಖಾಲಿ ಡಬ್ಬಗಳನ್ನು ತಂದು ಶಾಲೆಯೊಂದರ ಹಾಲಿನಲ್ಲಿ ಸಾಲಾಗಿ ಇಟ್ಟೆವು. ಮೊದಮೊದಲು ಎಲ್ಲರೂ ಮೂಕಾಭಿನಯಕ್ಕೆ ಇಳಿದರು: ಹುಬ್ಬು ಏರಿಸುವುದು, ಗಡಿಯಾರ ನೋಡುವುದು, ಬೆವರು ಒರೆಸುವುದು. ಮಾತನ್ನೇ ಕೈಸನ್ನೆಗೆ ಬದಲಾಯಿಸಿದ ಕೆಲಸ ಅದು, ನೋಡಲು ಬೇಸರ. ಮೇಷ್ಟ್ರು ಒಂದೇ ನಿಯಮ ಹಾಕಿದರು. ದಿನಕ್ಕೊಬ್ಬರು ಆಟದಿಂದ ಹೊರಗೆ ಕೂರಬೇಕು. ಕೂತವರು ‘ಚೆನ್ನಾಗಿತ್ತು’, ‘ಚೆನ್ನಾಗಿರಲಿಲ್ಲ’ ಎನ್ನುವಂತಿಲ್ಲ. ಕಂಡದ್ದನ್ನು ಮಾತ್ರ ಹೇಳಬೇಕು.

‘ಅವಳು ತುಂಬಾ ದುಃಖದಲ್ಲಿದ್ದಳು’ ಎಂದ ಒಬ್ಬ.

‘ಅದು ನಿಮ್ಮ ಊಹೆ. ಏನು ನೋಡಿದ್ರಿ?’

ಅವನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: ‘ಡಬ್ಬ ಎತ್ತೋಕೆ ಬಗ್ಗಿದಳು. ಎತ್ತೋ ಮುಂಚೆ ಒಂದ್ಸಲ ಹಿಂದಕ್ಕೆ ತಿರುಗಿ ಸಾಲು ನೋಡಿದಳು. ಆಮೇಲೆ ಎತ್ತಲೇ ಇಲ್ಲ.’

ಹಾಗೆ ತಿರುಗಿ ನೋಡಿದ್ದು ಆಕೆಗೇ ಗೊತ್ತಿರಲಿಲ್ಲ. ಇಡೀ ದೃಶ್ಯ ಅದರ ಮೇಲೆ ನಿಂತಿತು. ಎಣ್ಣೆ ಸಿಕ್ಕವರು ತುಂಬಿದ ಡಬ್ಬದ ಭಾರಕ್ಕೆ ಒಂದು ಹೆಗಲು ಇಳಿಬಿಟ್ಟು ನಡೆಯುತ್ತಾರೆ, ಸಿಗದವರ ಹೆಗಲುಗಳು ಸಮವಾಗಿರುತ್ತವೆ. ಯಾರಿಗೆ ಸಿಕ್ಕಿತು, ಯಾರಿಗಿಲ್ಲ ಎಂಬುದಕ್ಕೆ ಅಷ್ಟು ಸಾಕಿತ್ತು. ನಿರ್ದೇಶನವೆಂದರೆ ಏನೆಂದು ನಾನು ಕಲಿತದ್ದು ಅಲ್ಲಿ, ಆ ಹೊರಗಿನ ಜಾಗದಲ್ಲಿ. ನಟರು ಒಳಗಿನಿಂದ ಹುಟ್ಟಿಸುತ್ತಾರೆ. ಹುಟ್ಟಿದ್ದರಲ್ಲಿ ಯಾವುದು ಕಾಣುತ್ತಿದೆ, ಯಾವುದನ್ನು ಬಿಡಬೇಕು ಎಂದು ಒಬ್ಬರು ಹೊರಗೆ ಕೂತು ಹೇಳಲೇಬೇಕು. ಎಲ್ಲರೂ ಸೇರಿ ಮಾಡುವ ನಾಟಕಕ್ಕೆ ನಿರ್ದೇಶಕರು ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬರೆದ ನಾಟಕ ಕೈಯಲ್ಲಿದ್ದರೆ ದುರ್ಬಲ ನಿರ್ದೇಶಕನನ್ನೂ ನಾಟಕಕಾರ ದಡ ಮುಟ್ಟಿಸುತ್ತಾನೆ. ಇಲ್ಲಿ ಆ ಆಸರೆ ಇಲ್ಲ.

ಆಗಿನದೆಲ್ಲ ಚೆನ್ನಾಗಿತ್ತು ಎಂದು ಹೇಳಲಾರೆ. ತಾಲೀಮಿನಲ್ಲಿ ಹುಡುಗಿಯರನ್ನು ಸೊಂಟ ಹಿಡಿದು ಎತ್ತುವಾಗ ಕೇಳುವ ರೂಢಿಯೇ ಇರಲಿಲ್ಲ. ಮುಜುಗರ ಪಟ್ಟವರು ಮರುದಿನ ಬರುತ್ತಿರಲಿಲ್ಲ, ಬಾರದ್ದಕ್ಕೆ ಕಾರಣವನ್ನೂ ಯಾರೂ ವಿಚಾರಿಸುತ್ತಿರಲಿಲ್ಲ. ನಾವೆಲ್ಲ ಸೇರಿ ಕಟ್ಟಿದ ಪ್ರಯೋಗವೊಂದು ಬೇರೆ ಊರಿನಲ್ಲಿ ನಡೆದಾಗ ಭಿತ್ತಿಪತ್ರದಲ್ಲಿ ಒಬ್ಬರ ಹೆಸರು ಮಾತ್ರ ಇತ್ತು. ಸ್ಪರ್ಧೆಗೆ ಅರ್ಜಿ ಹಾಕಿದರೆ ನಾಟಕದ ಪ್ರತಿ ಕೇಳುತ್ತಿದ್ದರು. ಪ್ರತಿಯೇ ಇಲ್ಲದ ನಾಟಕವನ್ನು ಯಾವ ವಿಭಾಗಕ್ಕೆ ಸೇರಿಸುವುದೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಈಗ ನಾನು ಕೆಲಸ ಮಾಡುವ ಕಾಲೇಜು ಹುಡುಗ ಹುಡುಗಿಯರು ಮೊದಲ ದಿನವೇ ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅದರಿಂದ ಭಯ ಕಡಿಮೆಯಾಗಿ ಮೈ ಹೆಚ್ಚು ಬಿಚ್ಚಿಕೊಳ್ಳುತ್ತದೆ. ಕಳರಿ ಕಲಿತವರಿದ್ದಾರೆ, ಪುದುಚೇರಿ ಬಳಿಯ ಆದಿಶಕ್ತಿ ರಂಗಕೇಂದ್ರಕ್ಕೆ ಹೋಗಿ ಉಸಿರಿನ ಅಭ್ಯಾಸ ಮಾಡಿ ಬಂದವರಿದ್ದಾರೆ. ನಾವು ಎಷ್ಟೋ ಕಾಲ ತಡವಿ ಕಲಿತದ್ದು ಇವರಿಗೆ ಬೇಗ ಕೈಗೆ ಬರುತ್ತದೆ. ಸಮಯ ಮಾತ್ರ ಇಲ್ಲ. ಕೆಲಸ, ಧಾರಾವಾಹಿ, ಪರೀಕ್ಷೆಗಳ ನಡುವೆ ಸಿಗುವುದು ಶನಿವಾರ, ಭಾನುವಾರ. ಬರೆದ ನಾಟಕವನ್ನು ಬಿಡಿಬಿಡಿಯಾಗಿ ಕಲಿಯಬಹುದು. ಇಂಥದ್ದು ಬಿಟ್ಟು ಬಿಟ್ಟು ಮಾಡಿದರೆ ಪ್ರತಿ ವಾರವೂ ಮೊದಲಿನಿಂದ ಶುರುವಾಗುತ್ತದೆ.

ಈ ಕೊರತೆ ತುಂಬಲೆಂದೇ ಮೊಬೈಲ್ ಬಂತು. ಆಶು ಅಭಿನಯವನ್ನೆಲ್ಲ ಚಿತ್ರೀಕರಿಸಿ ಗ್ರೂಪಿಗೆ ಹಾಕುತ್ತಾರೆ. ಇತ್ತೀಚೆಗೆ ಪೌರಕಾರ್ಮಿಕರ ಬೆಳಗಿನ ಕೆಲಸದ ಮೇಲೆ ಒಂದು ಪ್ರಯೋಗ ಕಟ್ಟುತ್ತಿದ್ದೆವು. ಒಬ್ಬಾಕೆ ಗುಡಿಸುತ್ತಿದ್ದವಳು, ಹಿಂದೆ ಯಾರದೋ ಕಾಲು ನೆಲಕ್ಕೆ ಬಡಿದದ್ದು ಕೇಳಿ, ಕಡ್ಡಿಪೊರಕೆಯನ್ನು ಥಟ್ಟನೆ ಎದೆಗೆ ಅಡ್ಡ ಹಿಡಿದಳು. ಎಲ್ಲರ ಉಸಿರು ನಿಂತಿತು. ಮುಂದಿನ ವಾರ ವಿಡಿಯೊ ನೋಡಿಕೊಂಡು ಬಂದವಳು ಪೊರಕೆಯನ್ನು ಅದೇ ಕೋನದಲ್ಲಿ ಹಿಡಿದಳು. ಆದರೆ ಸದ್ದಿಗೆ ಕಾಯಲಿಲ್ಲ. ಸದ್ದು ಬರುವ ಮೊದಲೇ ಕೈ ಎದ್ದಿತ್ತು. ಕ್ಯಾಮೆರಾ ಹಿಡಿದದ್ದು ಕೈಯನ್ನು. ಆ ಕೈಯನ್ನು ಎಬ್ಬಿಸಿದ್ದು ಕಿವಿ, ಅದು ಚಿತ್ರದಲ್ಲಿ ಕಾಣುವುದಿಲ್ಲ. ವಿಡಿಯೊ ಇಲ್ಲದ ಕಾಲದಲ್ಲಿ ಮೈಗೆ ನೆನಪಿರದ್ದು ತಾನಾಗಿ ಉದುರಿಹೋಗುತ್ತಿತ್ತು, ಗಟ್ಟಿಯಾದದ್ದು ಉಳಿಯುತ್ತಿತ್ತು. ಈಗ ಎಲ್ಲವೂ ಉಳಿಯುತ್ತದೆ. ಆರಿಸುವ ಕೆಲಸ ದುಪ್ಪಟ್ಟಾಗಿದೆ.

ಹಾಗಾಗಿ ದೃಶ್ಯಗಳ ಕ್ರಮ ಒಂದು ಹದಕ್ಕೆ ಬರುವವರೆಗೆ ಚಿತ್ರೀಕರಣ ಬೇಡ ಎಂದು ಕೇಳಿಕೊಂಡೆ. ಪಾಳಿ ಪ್ರಕಾರ ಒಬ್ಬರು ಹೊರಗೆ ಕೂರುವ ನಿಯಮವನ್ನು ಮತ್ತೆ ತಂದೆ. ಕೆಲವರು ಗೊಣಗಿದರು, ಆಡಲು ಬಂದವರನ್ನು ಕೂರಿಸುವುದೇಕೆ ಎಂದು. ಕೊನೆಯ ಮಾತು ನನ್ನದು ಎಂಬುದನ್ನು ಮೊದಲೇ ಹೇಳಿದ್ದೆ, ಭಿತ್ತಿಪತ್ರದಲ್ಲಿ ‘ಕಟ್ಟಿದವರು’ ಎಂದು ಎಲ್ಲರ ಹೆಸರೂ ಬರುತ್ತದೆ ಎಂಬುದನ್ನೂ.

ಕಸದ ಆಟೊ ಬರುವ ದೃಶ್ಯ ತಂಡಕ್ಕೆ ಬಹಳ ಪ್ರಿಯವಾಗಿತ್ತು. ಅದನ್ನು ತೆಗೆಯಬೇಕು ಎಂದಾಗ ದೊಡ್ಡ ವಾದವೇ ನಡೆಯಿತು. ಅಂದು ಹೊರಗೆ ಕೂತಿದ್ದು ಪೊರಕೆಯ ಹುಡುಗಿ. ‘ಆಟೊ ಬಂದ ಮೇಲೆ ಯಾರೂ ಗುಡಿಸ್ತಾ ಇರಲಿಲ್ಲ ಸರ್, ಎಲ್ಲರೂ ಆಟೊ ಆಗೋದ್ರಲ್ಲೇ ಇದ್ರು’ ಎಂದಳು. ಇನ್ನೊಮ್ಮೆ ಆಡಿ ನೋಡಿದೆವು, ಅವಳು ಹೇಳಿದಂತೆಯೇ ಇತ್ತು. ದೃಶ್ಯ ಹೋಯಿತು. ಆಟೊದ ಹಾರನ್ನಿಗೆ ಎಲ್ಲರೂ ಒಟ್ಟಿಗೆ ತಲೆ ಎತ್ತುವುದನ್ನು ಮಾತ್ರ ಉಳಿಸಿ, ಎರಡನೆಯ ದೃಶ್ಯಕ್ಕೆ ಸೇರಿಸಿದ್ದೇವೆ.