ಸಿನಿಮಾದ ಹಿಮ, ವರ್ತೂರಿನ ನೊರೆ

ಸಿನಿಮಾದಲ್ಲಿ ಹರಿಯುವ ರಕ್ತ ಹೆಚ್ಚಾಗಿ ಸಕ್ಕರೆ ಪಾಕ ಮತ್ತು ಕೆಂಪು ಬಣ್ಣ. ಬರೀ ಬಣ್ಣದ ನೀರಾದರೆ ಸರ್ರನೆ ಇಳಿದುಹೋಗುತ್ತದೆ, ಪಾಕವಾದರೆ ರಕ್ತದಂತೆ ಮೈಗೆ ಅಂಟುತ್ತದೆ. ಹಿಚ್‌ಕಾಕ್ 1960ರ ‘ಸೈಕೋ’ದಲ್ಲಿ ಚಾಕೊಲೇಟ್ ಪಾಕ ಬಳಸಿದರು. ಕಪ್ಪು-ಬಿಳುಪು ಚಿತ್ರ, ಕೆಂಪು ಯಾರಿಗೆ ಬೇಕಿತ್ತು! ಕುಡುಕನ ಗ್ಲಾಸಿನಲ್ಲಿ ಇರುವುದು ಸಾಮಾನ್ಯವಾಗಿ ಹಾಲಿಲ್ಲದ ಟೀ.

ನಮಗೆ ಇದೇನೂ ಹೊಸದಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು ಓಕುಳಿ, ಆರತಿ ತಟ್ಟೆಯಲ್ಲಿ ಇರುವುದೂ ಅದೇ. ಊರ ನಾಟಕದಲ್ಲಿ ಭೀಮ ದುಶ್ಯಾಸನನ ಎದೆ ಬಗೆದಾಗ ಆ ಓಕುಳಿಯೇ ಹರಿದದ್ದನ್ನು ನಾವು ಮುಂದಿನ ಸಾಲಿನಲ್ಲಿ ಕೂತು ನೋಡಿದ್ದೇವೆ.

ಹಿಮದ ಕಥೆ ಬೇರೆ. ಸೋಪಿನಂಥ ದ್ರಾವಣಕ್ಕೆ ಯಂತ್ರದಿಂದ ಗಾಳಿ ಊದಿ, ಎದ್ದ ನೊರೆಯನ್ನೇ ಶೂಟಿಂಗ್‌ನಲ್ಲಿ ಹಿಮ ಎಂದು ತೋರಿಸುವುದುಂಟು. ವೈಟ್‌ಫೀಲ್ಡ್ ಪಕ್ಕದ ವರ್ತೂರು ಕೆರೆಯಲ್ಲಿ ಇದಕ್ಕೆ ಯಂತ್ರವೂ ಬೇಕಾಗಲಿಲ್ಲ. ಬೆಂಗಳೂರಿನ ಕೊಳಚೆಯ ಜತೆ ಬಂದ ಡಿಟರ್ಜೆಂಟ್ ಕೋಡಿಯಲ್ಲಿ ಧುಮುಕಿ, ಗಾಳಿ ತುಂಬಿಕೊಂಡು ರಸ್ತೆಗೇ ಹಾರಿತು. ಅದಕ್ಕಿಂತ ಮೇಲಿನ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆಗೆ ಬೆಂಕಿಯೂ ಹತ್ತಿತು. ಇಂಥದ್ದನ್ನು ಸಿನಿಮಾದಲ್ಲಿ ತೋರಿಸಿದ್ದರೆ ‘ಗ್ರಾಫಿಕ್ಸ್ ಜಾಸ್ತಿಯಾಯ್ತು’ ಅನ್ನುತ್ತಿದ್ದೆವು.

ವರ್ತೂರಿನ ಫೋಟೊ ಕಳಿಸಿದಾಗ ಊರಿನ ಗೆಳೆಯರು ನಮ್ಮನ್ನು ‘ಕಾಶ್ಮೀರಕ್ಕೆ ಯಾವಾಗ ಹೋದ್ರಿ?’ ಎಂದು ಕೇಳಿದರು. ಫೋಟೊದಲ್ಲಿ ವಾಸನೆ ಬರುವುದಿಲ್ಲವಲ್ಲ. ಶೂಟಿಂಗ್ ನೊರೆಯನ್ನು ಪ್ಯಾಕಪ್ ಆದಮೇಲೆ ತೊಳೆದು ಹೋಗುತ್ತಾರೆ. ಈ ನೀರು ಮಾತ್ರ ದಕ್ಷಿಣ ಪಿನಾಕಿನಿ ಸೇರಿ, ಹೊಸೂರು ಬಳಿಯ ಕೆಲವರಪಲ್ಲಿ ಅಣೆಕಟ್ಟಿಗೆ ಹೋಗುತ್ತದೆ. ಅಲ್ಲಿಂದ ರೈತರ ಹೊಲಕ್ಕೆ. ಅಲ್ಲೂ ನೀರು ಬಿಟ್ಟಾಗ ನೊರೆ ಎದ್ದದ್ದುಂಟು.